ಎಸಿ ಇದೆ, ಗಾಳಿ ಇಲ್ಲ: ಒಂದು ಓದುವ ಕೊಠಡಿಯ ಪ್ರಕರಣ

ಬೆಂಗಳೂರಿನಲ್ಲಿ ಕೋಚಿಂಗ್ ಸೆಂಟರ್‌ಗಳು ಸಾಲಾಗಿರುವ ಒಂದು ಬಡಾವಣೆ. ಮುಖ್ಯರಸ್ತೆಗೆ ಮುಖ ಮಾಡಿದ ನಾಲ್ಕು ಮಹಡಿಯ ಕಟ್ಟಡ. ಅದರ ಎರಡನೇ ಮಹಡಿಯಲ್ಲಿ ಒಂದು ಓದುವ ಕೊಠಡಿ. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಒಂದು ಕುರ್ಚಿ, ಒಂದು ಮೇಜು, ಪ್ಲಗ್ ಪಾಯಿಂಟ್, ವೈಫೈ. ಬೆಳಗ್ಗೆ ಏಳರಿಂದ ರಾತ್ರಿ ಹತ್ತೂವರೆವರೆಗೆ ತೆರೆದಿರುತ್ತದೆ. ಬರುವವರು ಕೆಎಎಸ್, ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು, ಹುಡುಗಿಯರು. ಹೆಚ್ಚಿನವರು ರಾಯಚೂರು, ಯಾದಗಿರಿ, ಹಾವೇರಿ ಕಡೆಯವರು. ಪಿಜಿಯಲ್ಲಿ ಒಂದೇ ಕೋಣೆಗೆ ನಾಲ್ಕು ಜನ, ಅಲ್ಲಿ ಓದೋಕಾಗಲ್ಲ ಅಂತ ಇಲ್ಲಿಗೆ ಬರುತ್ತಾರೆ. ದಿನಕ್ಕೆ ಹತ್ತು ಗಂಟೆ ಒಂದೇ ಕುರ್ಚಿಯಲ್ಲಿ ಕೂರುತ್ತಾರೆ. ಊರಲ್ಲಿ ಮನೆಯವರು ಕಷ್ಟಪಟ್ಟು ಕಳಿಸಿದ ದುಡ್ಡಲ್ಲಿ ಕೊಂಡ ಹತ್ತು ಗಂಟೆ ಅದು.

ನಾನು ಕಟ್ಟಡಗಳ ಗಾಳಿ ಮತ್ತು ಎಸಿ ವ್ಯವಸ್ಥೆಯ ಕೆಲಸ ಮಾಡುವವನು. ಈ ಕೊಠಡಿಯ ಜೊತೆ ಸುಮಾರು ಒಂದೂವರೆ ವರ್ಷ ಓಡಾಡಿದೆ. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅಳತೆಗಳನ್ನು ದುಂಡಗೆ ಮಾಡಿದ್ದೇನೆ.

ಕರೆದದ್ದು ಬಿಲ್‌ಗಾಗಿ

ಮಾಲೀಕರು ನನ್ನನ್ನು ಗಾಳಿಯ ವಿಷಯಕ್ಕೆ ಕರೆದದ್ದೇ ಅಲ್ಲ. "ಕರೆಂಟ್ ಬಿಲ್ ಜಾಸ್ತಿ ಬರ್ತಿದೆ, ಎಸಿ ಬದಲಾಯಿಸಬೇಕಾ ನೋಡಿ" ಅಂದರು. ಒಂದೂವರೆ ಟನ್‌ನ ಎರಡು ಸ್ಪ್ಲಿಟ್ ಎಸಿ ಇದ್ದವು. ಹಳೆಯದೇನಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಆದರೆ ಎರಡೂ 20 ಡಿಗ್ರಿಯಲ್ಲಿ ಓಡುತ್ತಿದ್ದವು. ಮುಂದಿನ ಸಾಲಿನ ಹುಡುಗಿಯರು ಶಾಲು ಹೊದ್ದು ಕೂತಿದ್ದರು.

ಇಷ್ಟು ತಣ್ಣಗೆ ಯಾಕೆ ಅಂತ ಕೇಳಿದೆ. ಮೊದಲು 24ಕ್ಕೆ ಇಟ್ಟಿದ್ದೆವು, ಮಧ್ಯಾಹ್ನ ಎಲ್ಲರೂ "ಸೆಖೆ, ಉಸಿರು ಕಟ್ಟಿದ ಹಾಗಾಗ್ತಿದೆ" ಅನ್ನೋಕೆ ಶುರು ಮಾಡಿದರು, ಅದಕ್ಕೆ ಕಡಿಮೆ ಮಾಡುತ್ತಾ ಬಂದೆವು ಅಂದರು. ಆದರೂ ದೂರು ನಿಂತಿಲ್ಲ. ಮೂರು ಗಂಟೆಯ ಮೇಲೆ ಅರ್ಧ ಜನ ಮೇಜಿನ ಮೇಲೆ ತಲೆ ಇಟ್ಟು ಮಲಗುತ್ತಾರೆ. ಸಂಜೆ ತಲೆನೋವು. ಕೆಲವರು ಬೇರೆ ಕಡೆ ಹೋಗಿಬಿಟ್ಟಿದ್ದಾರೆ. ಮಾಲೀಕರು ಸುಮ್ನೆ ಕೂತವರಲ್ಲ. ಒಂದು ಏರ್ ಪ್ಯೂರಿಫೈಯರ್ ತಂದಿದ್ದರು. ಮೂಲೆಗಳಲ್ಲಿ ಸ್ನೇಕ್ ಪ್ಲಾಂಟ್ ಕುಂಡಗಳು. ಗಂಟೆಗೊಮ್ಮೆ ರೂಮ್ ಫ್ರೆಶ್‌ನರ್.

ಕೊಠಡಿ 11 ಮೀಟರ್ ಉದ್ದ, 7 ಮೀಟರ್ ಅಗಲ, 3 ಮೀಟರ್ ಎತ್ತರ. 42 ಕುರ್ಚಿ, ಸಾಮಾನ್ಯವಾಗಿ 36 ಜನ. ರಸ್ತೆ ಕಡೆಯ ಸ್ಲೈಡಿಂಗ್ ಕಿಟಕಿಗಳನ್ನು ಸದ್ದು, ದೂಳು ಬರಬಾರದು ಅಂತ ಸಿಲಿಕೋನ್ ಹಾಕಿ ಮುಚ್ಚಿದ್ದರು. ಹಿಂದಿನ ಗೋಡೆಯಲ್ಲಿ ಒಂದು ವೆಂಟಿಲೇಟರ್ ಇತ್ತು. ಅದಕ್ಕೆ ಪ್ಲೈವುಡ್ ಹೊಡೆದು ಮುಂದೆ ಪುಸ್ತಕದ ರ್‍ಯಾಕ್ ನಿಲ್ಲಿಸಿದ್ದರು. ಬಾಗಿಲು ಮೆಟ್ಟಿಲ ಕಡೆಗೆ, ತಾನೇ ಮುಚ್ಚಿಕೊಳ್ಳುವಂಥದ್ದು. ಅಂದರೆ ಈ ಕೋಣೆಗೆ ಹೊರಗಿನ ಗಾಳಿ ಬರಲು ದಾರಿಯೇ ಇರಲಿಲ್ಲ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ತುಂಬಾ ಜನ ಇದರಲ್ಲಿ ಎಡವುತ್ತಾರೆ. ಸ್ಪ್ಲಿಟ್ ಎಸಿಯ ಒಂದು ಭಾಗ ಹೊರಗಿರುತ್ತದೆ, ಹಾಗಾಗಿ ಅದು ಹೊರಗಿನ ಗಾಳಿ ತರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ತರುವುದಿಲ್ಲ. ಎರಡೂ ಭಾಗಗಳ ನಡುವೆ ಓಡಾಡುವುದು ತಾಮ್ರದ ಕೊಳವೆಯೊಳಗಿನ ಅನಿಲ ಮಾತ್ರ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ತಂಪು ಬೇರೆ, ಗಾಳಿ ಬೇರೆ. ಈ ಕೋಣೆಯಲ್ಲಿ "ಗಾಳಿ ಆಡ್ತಿಲ್ಲ" ಅನ್ನುವ ದೂರನ್ನು ಮಾಲೀಕರು "ಸೆಖೆ" ಅಂತ ಅರ್ಥ ಮಾಡಿಕೊಂಡರು. ಮೊದಲ ತಪ್ಪು ಹೆಜ್ಜೆ ಅದೇ. ಬಿಲ್ ಏರಿದ್ದೂ ಅಲ್ಲಿಂದಲೇ.

ಎರಡು ಮೀಟರ್, ಎರಡು ಉತ್ತರ

ನಾವು ಉಸಿರಿನಲ್ಲಿ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಕೋಣೆಯಲ್ಲಿ ಎಷ್ಟು ಸೇರಿದೆ ಅಂತ ಅಳೆಯುವ ಮೀಟರ್ ತೆಗೆದೆ. "ನನ್ನ ಹತ್ತಿರಾನೂ ಇದೆ" ಅಂತ ಮಾಲೀಕರು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ಮೀಟರ್ ತೋರಿಸಿದರು. ಅವರದು 640 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 640 ಭಾಗ, ತೋರಿಸುತ್ತಿತ್ತು. ನನ್ನದು 2,900. ಅವರಿಗೆ ನನ್ನ ಮೇಲೇ ಅನುಮಾನ ಬಂತು. ಬರುವುದು ಸಹಜ.

ಆಗ ಸಹಾಯಕ ಹುಡುಗ ಬಂದು ಎಂದಿನಂತೆ ರೂಮ್ ಫ್ರೆಶ್‌ನರ್ ಹೊಡೆದ. ಅರ್ಧ ನಿಮಿಷದಲ್ಲಿ ಅವರ ಮೀಟರ್ 1,800ಕ್ಕೆ ಹಾರಿತು. ನನ್ನದು ಅಲುಗಾಡಲಿಲ್ಲ. ಅಗ್ಗದ ಎಷ್ಟೋ ಮೀಟರ್‌ಗಳಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್ ಇರುವುದೇ ಇಲ್ಲ. ಸೆಂಟು, ಸ್ಯಾನಿಟೈಜರ್, ಪೇಂಟ್‌ನಂಥ ಆವಿಗಳನ್ನು ಹಿಡಿಯುವ ಸೆನ್ಸರ್ ಇರುತ್ತದೆ. ಅದರಿಂದ ಅಂದಾಜು ಮಾಡಿ ಒಂದು ಅಂಕಿ ತೋರಿಸುತ್ತವೆ. ನಿಜವಾಗಿ ಅಳೆಯಲು ಇನ್‌ಫ್ರಾರೆಡ್ ಬೆಳಕಿನ ಸೆನ್ಸರ್ ಬೇಕು. ಕೊಳ್ಳುವಾಗ ಎನ್‌ಡಿಐಆರ್ ಅಂತ ಬರೆದಿದೆಯಾ ನೋಡಿ. ಮೀಟರ್ ಮುಂದೆ ಒಂದೆರಡು ಸಲ ಉಸಿರು ಬಿಟ್ಟು ಪರೀಕ್ಷಿಸಿದರೆ ಸಾಲದು, ಸ್ಪ್ರೇ ಹೊಡೆದೂ ನೋಡಿ.

ಒಂದು ವಾರ ನನ್ನ ಮೀಟರ್ ಅಲ್ಲೇ ಬಿಟ್ಟೆ. ಬೆಳಗ್ಗೆ ಏಳಕ್ಕೆ 450. ಒಂಬತ್ತೂವರೆಗೆ 1,700. ಹನ್ನೆರಡಕ್ಕೆ 2,600. ಊಟಕ್ಕೆ ಹೋದಾಗ ಸ್ವಲ್ಪ ಇಳಿಯುತ್ತಿತ್ತು. ಮೂರೂವರೆಗೆ 3,000 ದಾಟುತ್ತಿತ್ತು. ನಾಲ್ಕೂವರೆಗೆ ಎಲ್ಲರೂ ಚಹಾಕ್ಕೆ ಇಳಿದಾಗ ಮತ್ತೆ ಒಂದು ತಗ್ಗು. ಆ ಗೆರೆಯ ಚಿತ್ರವನ್ನು ಮಾಲೀಕರಿಗೆ ತೋರಿಸಿದೆ. ಅವರು ಬೆರಳಿಟ್ಟು "ಇದು ಮಲಗೋ ಟೈಮ್" ಅಂದರು.

ಲೆಕ್ಕ ಸುಲಭ. ಕೂತು ಓದುವ ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. 36 ಜನ ಅಂದರೆ ಸುಮಾರು 650 ಲೀಟರ್. ಹೊರಗಿನ ಗಾಳಿಯಲ್ಲಿ 430 ಪಿಪಿಎಂ ಇದ್ದು ಒಳಗೆ 3,000 ಇದೆ ಅಂದರೆ, ತಲಾ ಸೆಕೆಂಡಿಗೆ ಎರಡು ಲೀಟರ್ ಹೊಸ ಗಾಳಿಯೂ ಸಿಗುತ್ತಿಲ್ಲ. ಅದೂ ಬಾಗಿಲು ತೆಗೆದು ಹಾಕಿದಾಗ ನುಗ್ಗುವ ಗಾಳಿ. ಎಸಿ, ಗಾಳಿ ವ್ಯವಸ್ಥೆಯ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ ಆಶ್ರೇಯ 62.1 ಮಾನದಂಡ ದೊಡ್ಡ ಮಕ್ಕಳ ತರಗತಿಗೆ ತಲಾ 5 ಲೀಟರ್ ಕೇಳುತ್ತದೆ. ಅದರ ಮೇಲೆ ಪ್ರತಿ ಚದರ ಮೀಟರ್ ನೆಲಕ್ಕೆ 0.6 ಲೀಟರ್. ಈ ಕೋಣೆಗೆ ಅದು ತಲಾ 6 ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ನಾನು 8 ಲೀಟರ್ ಗುರಿ ಇಟ್ಟೆ. ಅಷ್ಟು ಕೊಟ್ಟರೆ ಮೀಟರ್ 1,050ರ ಹತ್ತಿರ ನಿಲ್ಲಬೇಕು.

ಈ ಸಾವಿರದ ಲೆಕ್ಕ ಹೊಸದಲ್ಲ. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ, ಜನ ತುಂಬಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರದಲ್ಲಿ ಒಂದು ಭಾಗ, ಅಂದರೆ 1,000 ಪಿಪಿಎಂ, ದಾಟಬಾರದು ಅಂದಿದ್ದರು. ಅದೇ ವಿಷ ಅಂತಲ್ಲ. ಅದು ಉಳಿದೆಲ್ಲದರ ಗುರುತು ಅಂತ. ಈ ವ್ಯತ್ಯಾಸ ಇವತ್ತಿಗೂ ಮುಖ್ಯ. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 22 ಜನರನ್ನು 600, 1,000, 2,500 ಪಿಪಿಎಂ ಗಾಳಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಅಂಕಿ ಏರಿದಂತೆ ನಿರ್ಧಾರ ಮಾಡುವ ಸಾಮರ್ಥ್ಯ ಕುಗ್ಗಿತು. ಆಮೇಲೆ ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಬೇರೆ ರೀತಿ ನೋಡಿದರು. ಶುದ್ಧ ಇಂಗಾಲದ ಡೈಆಕ್ಸೈಡನ್ನು 3,000ಕ್ಕೆ ಏರಿಸಿದಾಗ ಹೇಳುವಂಥ ತೊಂದರೆ ಕಾಣಲಿಲ್ಲ. ಗಾಳಿ ಕಡಿಮೆ ಮಾಡಿ, ಮನುಷ್ಯರ ಮೈ ಮತ್ತು ಉಸಿರಿನಿಂದ ಬರುವುದೆಲ್ಲ ಸೇರಿ 3,000 ಆದಾಗ ತಲೆನೋವು, ಆಯಾಸ, ನಿದ್ದೆಯ ಮಂಪರು ಹೆಚ್ಚಿತು. ಎರಡು ಅಧ್ಯಯನ ಎರಡು ಮಾತು ಹೇಳುತ್ತವೆ. ನನ್ನ ಕೆಲಸಕ್ಕೆ ಮಾತ್ರ ಎರಡೂ ಒಂದೇ ದಾರಿ ತೋರಿಸಿದವು: ಹೊಸ ಗಾಳಿ ಬೇಕು. ಪ್ಯೂರಿಫೈಯರ್ ದೂಳು ಹಿಡಿಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದಿಲ್ಲ. ನಾಲ್ಕು ಕುಂಡದ ಗಿಡ 36 ಜನರ ಉಸಿರಿಗೆ ಏನೂ ಸಾಲದು.

ಕಿಟಕಿ ತೆಗೆದ ಎರಡು ದಿನ

ಮೊದಲು ಖರ್ಚಿಲ್ಲದ್ದನ್ನೇ ಮಾಡಿದೆವು. ಒಂದು ಕಿಟಕಿಯ ಸಿಲಿಕೋನ್ ಕೆತ್ತಿ ತೆರೆದೆವು. ಇಪ್ಪತ್ತು ನಿಮಿಷದಲ್ಲಿ ಮೀಟರ್ 700ಕ್ಕೆ ಇಳಿಯಿತು. ಮಾಲೀಕರ ಮುಖ ಅರಳಿತು.

ಸಂಜೆ ಟ್ರಾಫಿಕ್ ಶುರುವಾಯಿತು. ಹಾರ್ನ್ ಸದ್ದಿಗೆ ಇಯರ್‌ಫೋನ್ ಹಾಕಿಕೊಂಡವರೂ ತಲೆ ಎತ್ತಿದರು. ಸಣ್ಣ ದೂಳಿನ ಅಳತೆ, ಅಂದರೆ ಪಿಎಂ 2.5, ಒಳಗೆ ಘನ ಮೀಟರಿಗೆ 28 ಮೈಕ್ರೋಗ್ರಾಂ ಇದ್ದದ್ದು 75ಕ್ಕೆ ಏರಿತು. ನಮ್ಮ ದೇಶದ ಮಾನದಂಡ ದಿನದ ಸರಾಸರಿಗೆ 60 ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15ಕ್ಕೆ ಇಳಿಸಿದೆ. ಮೂರನೇ ದಿನ ಬೆಳಗ್ಗೆ ನಾನು ಹೋಗುವ ಹೊತ್ತಿಗೆ ಕಿಟಕಿ ಮುಚ್ಚಿತ್ತು. ಮುಚ್ಚಿದ್ದು ಮಾಲೀಕರಲ್ಲ, ಓದುವವರೇ.

ಇದರಿಂದ ನನಗೆ ಬೇಜಾರಾಗಲಿಲ್ಲ. ಕಿಟಕಿಗಳನ್ನು ಮುಚ್ಚಿದವರು ಮೂರ್ಖರಲ್ಲ, ಅವರಿಗೆ ಕಾರಣ ಇತ್ತು ಅಂತ ಗೊತ್ತಾಯಿತು. ಹಿಂದೆ ದೊಡ್ಡ ಮಟ್ಟದಲ್ಲೂ ಹೀಗೇ ಆಗಿತ್ತು. 1973ರ ತೈಲ ಬಿಕ್ಕಟ್ಟಿನ ಮೇಲೆ ಅಮೆರಿಕದಲ್ಲಿ ಇಂಧನ ಉಳಿಸಲು ಕಚೇರಿಗಳಿಗೆ ಹೊರಗಿನ ಗಾಳಿ ಕಡಿತ ಮಾಡಿದರು. ಮಾನದಂಡದ ಕನಿಷ್ಠ ಮಟ್ಟ ತಲಾ ನಿಮಿಷಕ್ಕೆ 5 ಘನ ಅಡಿಗೆ ಇಳಿಯಿತು. ಸೆಕೆಂಡಿಗೆ ಸುಮಾರು ಎರಡೂವರೆ ಲೀಟರ್. ನಮ್ಮ ಓದುವ ಕೊಠಡಿಗಿಂತ ಸ್ವಲ್ಪ ಮಾತ್ರ ಮೇಲು. ಕಣ್ಣುರಿ, ತಲೆನೋವು, ಆಯಾಸದ ದೂರುಗಳು ಕಟ್ಟಡದಿಂದ ಕಟ್ಟಡಕ್ಕೆ ಬಂದವು. "ಸಿಕ್ ಬಿಲ್ಡಿಂಗ್ ಸಿಂಡ್ರೋಮ್" ಅನ್ನುವ ಹೆಸರೇ ಹುಟ್ಟಿತು. 1989ರಲ್ಲಿ ಮಾನದಂಡವನ್ನು ಮತ್ತೆ 15 ಘನ ಅಡಿಗೆ ಏರಿಸಿದರು. ಅಲ್ಲಿಂದಲೇ ಗಾಳಿ ಬೇಕಾದರೆ ಕರೆಂಟ್ ಸುಡಬೇಕು, ಕರೆಂಟ್ ಉಳಿಸಬೇಕಾದರೆ ಗಾಳಿಯ ಆಸೆ ಬಿಡಬೇಕು ಅನ್ನುವ ನಂಬಿಕೆ ಗಟ್ಟಿಯಾಯಿತು. ನಮ್ಮ ಊರಿನ ಹವೆಯಲ್ಲಿ ಅದು ಎಷ್ಟು ನಿಜ ಅನ್ನುವುದು ಈ ಕೆಲಸದಲ್ಲಿ ಮುಂದೆ ಗೊತ್ತಾಯಿತು.

ನಾನು ಮಾಡಿದ ತಪ್ಪು

ಎರಡನೇ ಪ್ರಯತ್ನ ನನ್ನದೇ ಸಲಹೆ. ಹಿಂದಿನ ವೆಂಟಿಲೇಟರ್‌ನ ಪ್ಲೈವುಡ್ ತೆಗೆಸಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಹಳೆಯ ಗಾಳಿ ಹೊರಗೆ ಹೋದರೆ ಹೊಸದು ತಾನೇ ಬರುತ್ತದೆ ಅನ್ನುವ ಲೆಕ್ಕ. ಮರುದಿನ ಮಧ್ಯಾಹ್ನ ಮೀಟರ್ 950. ಸದ್ದಿಲ್ಲ, ರಸ್ತೆಯ ದೂಳಿಲ್ಲ. ಕೆಲಸ ಮುಗಿಯಿತು ಅಂದುಕೊಂಡೆ.

ನಾಲ್ಕನೇ ದಿನ ಬಾಗಿಲ ಪಕ್ಕ ಕೂರುವ ಒಬ್ಬ ಹುಡುಗಿ ಮಾಲೀಕರಿಗೆ ಹೇಳಿದಳು: ಬಾಗಿಲು ಎಳೆಯೋಕೆ ಮೊದಲಿಗಿಂತ ಬಿಗಿ ಆಗಿದೆ, ಮತ್ತೆ ಆಗಾಗ ಪೆಟ್ರೋಲ್ ವಾಸನೆ ಬರುತ್ತದೆ. ಮಾಲೀಕರು ಅದನ್ನು ಹಗುರವಾಗಿ ತೆಗೆದುಕೊಳ್ಳದೆ ಆಗಲೇ ಫೋನ್ ಮಾಡಿದರು. ಅವರ ಆ ಒಂದು ಫೋನ್‌ಗೆ ನಾನು ಋಣಿ.

ಹೋಗಿ ಒಂದು ಊದಿನಕಡ್ಡಿ ಹಚ್ಚಿ ಬಾಗಿಲ ಕೆಳಗಿನ ಸಂದಿಗೆ ಹಿಡಿದೆ. ಹೊಗೆ ಬಾಣದ ಹಾಗೆ ಒಳಗೆ ನುಗ್ಗಿತು. ಫ್ಯಾನ್ ಎಳೆಯುವಷ್ಟು ಗಾಳಿ ಎಲ್ಲಿಂದಾದರೂ ಬರಲೇಬೇಕು. ಕಿಟಕಿಗಳು ಬಿಗಿಯಾಗಿ ಮುಚ್ಚಿದ್ದವು. ಉಳಿದದ್ದು ಮೆಟ್ಟಿಲ ದಾರಿ ಒಂದೇ. ಮೆಟ್ಟಿಲ ಬುಡದಲ್ಲಿ ಏನಿದೆ? ಬೇಸ್‌ಮೆಂಟ್ ಪಾರ್ಕಿಂಗ್. ಐವತ್ತು ಬೈಕು. ಮೂಲೆಯಲ್ಲಿ ಕಟ್ಟಡದ ಡೀಸೆಲ್ ಜನರೇಟರ್. ಅದರ ಹೊಗೆ ಕೊಳವೆ ಬೇಸ್‌ಮೆಂಟ್‌ನ ಬಾಯಿಗೇ ಬಂದು ನಿಂತಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು, ಜನರೇಟರ್ ಶುರುವಾಯಿತು. ಅದೇ ಜನರೇಟರ್‌ನ ಕರೆಂಟಿನಲ್ಲಿ ನಮ್ಮ ಫ್ಯಾನೂ ತಿರುಗುತ್ತಿತ್ತು. ಬ್ಯಾಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮೀಟರ್ ಇತ್ತು. ಹತ್ತು ನಿಮಿಷದಲ್ಲಿ ಕೋಣೆಯೊಳಗೆ 0 ಇದ್ದದ್ದು 12 ಪಿಪಿಎಂ ಆಯಿತು. ಇದು ಡೈಆಕ್ಸೈಡ್ ಅಲ್ಲ, ಮಾನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. 12 ಅನ್ನುವುದು ಕೂಡಲೇ ಜೀವಕ್ಕೆ ಅಪಾಯ ತರುವ ಮಟ್ಟವಲ್ಲ. ಆದರೆ ಏರುತ್ತಲೇ ಇತ್ತು. ಫ್ಯಾನ್ ಆಫ್ ಮಾಡಿಸಿ, ರಸ್ತೆ ಕಡೆಯ ಕಿಟಕಿ ತೆಗೆಸಿ, ಎಲ್ಲರನ್ನೂ ಅರ್ಧ ಗಂಟೆ ಹೊರಗೆ ಕಳಿಸಿದೆವು. ಎರಡು ಗಂಟೆ ಕರೆಂಟ್ ಹೋಗಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಆ ರಾತ್ರಿ ತುಂಬಾ ಹೊತ್ತು ಯೋಚಿಸಿದೆ.

ಇಡೀ ಪ್ರಕರಣದ ತಿರುವು ಇದು. ಅಲ್ಲಿಯವರೆಗೆ ನಾನು "ಎಷ್ಟು ಗಾಳಿ" ಅಂತ ಮಾತ್ರ ಕೇಳಿದ್ದೆ. "ಎಲ್ಲಿನ ಗಾಳಿ" ಅಂತ ಕೇಳಿರಲಿಲ್ಲ. ನನ್ನ ಮೀಟರ್ 950 ತೋರಿಸಿದ್ದು ಸುಳ್ಳಲ್ಲ. ಇಂಗಾಲದ ಡೈಆಕ್ಸೈಡ್ ಮೀಟರ್‌ಗೆ ಬೇಸ್‌ಮೆಂಟಿನ ಗಾಳಿಯೂ ಹೊಸ ಗಾಳಿಯೇ. ಈಗ ಯಾವ ಕಟ್ಟಡಕ್ಕೆ ಹೋದರೂ ಮೊದಲ ದಿನವೇ ಊದಿನಕಡ್ಡಿ ಹಿಡಿದು ಎಲ್ಲ ಬಾಗಿಲ ಸಂದಿ ನೋಡುತ್ತೇನೆ. ಹೀರುವ ಫ್ಯಾನ್ ಹಾಕುವ ಮುನ್ನ ಗಾಳಿ ಬರುವ ದಾರಿಯನ್ನು ಬೆರಳಿಟ್ಟು ತೋರಿಸಲಾಗದಿದ್ದರೆ ಆ ಫ್ಯಾನ್ ಹಾಕುವುದಿಲ್ಲ.

ಫ್ಯಾನ್ ತಿರುಗಿಸಿದ್ದು

ಮೂರನೇ ಪ್ರಯತ್ನ ಉಲ್ಟಾ. ಹಿಂದಿನ ವೆಂಟಿಲೇಟರ್‌ನಿಂದ ಗಾಳಿಯನ್ನು ಹೊರಗೆ ಹಾಕುವ ಬದಲು ಒಳಗೆ ತರುವುದು. ಆ ಕಡೆ ಒಂದು ಸಣ್ಣ ಗಲ್ಲಿ, ಎರಡು ಹೊಂಗೆ ಮರ, ವಾಹನ ಕಡಿಮೆ. ಸಂಜೆ ಹೊತ್ತಿನಲ್ಲಿ ರಸ್ತೆ ಕಡೆ 80 ಇದ್ದಾಗ ಅಲ್ಲಿ ಪಿಎಂ 2.5 ಸುಮಾರು 45 ಇತ್ತು. ಗಾಳಿ ಒಳಗೆ ಬರುವ ಮೊದಲು ಎರಡು ಫಿಲ್ಟರ್: ಒಂದು ತೊಳೆಯಬಹುದಾದ ಜಾಲಿ, ಅದರ ಹಿಂದೆ ಮೆರ್ವ್ 13 ದರ್ಜೆಯ ಸಣ್ಣ ದೂಳಿನ ಫಿಲ್ಟರ್. ಹೀಗೆ ತಳ್ಳಿದ ಗಾಳಿ ಕೋಣೆಯೊಳಗೆ ಸ್ವಲ್ಪ ಒತ್ತಡ ಹುಟ್ಟಿಸುತ್ತದೆ. ಬಾಗಿಲ ಸಂದಿಯಲ್ಲಿ ಗಾಳಿ ಒಳಗಿನಿಂದ ಹೊರಗೆ ಹೋಗುತ್ತದೆ. ಮೆಟ್ಟಿಲ ಹೊಗೆ ಒಳಗೆ ನುಗ್ಗಲು ದಾರಿ ಸಿಗುವುದಿಲ್ಲ. ಮತ್ತೆ ಊದಿನಕಡ್ಡಿ ಹಿಡಿದೆವು. ಈ ಸಲ ಹೊಗೆ ಹೊರಕ್ಕೆ ವಾಲಿತು. ಕರೆಂಟ್ ಹೋದರೆ ಈ ಫ್ಯಾನ್ ಪುಟ್ಟ ಯುಪಿಎಸ್ ಮೇಲೆ ಓಡುವ ಹಾಗೆ ಮಾಡಿದೆವು. ಬಾಗಿಲ ಹತ್ತಿರ ಒಂದು ಮಾನಾಕ್ಸೈಡ್ ಅಲಾರಂ ಕೂಡ ಹಾಕಿದೆವು.

ಇಲ್ಲೂ ಒಂದು ತೊಡಕು ಬಂತು. ಮೊದಲ ವಾರ ಬಾಗಿಲ ಹತ್ತಿರ ಮೀಟರ್ 800, ಎಡ ಮೂಲೆಯಲ್ಲಿ 1,500. ಹೊಸ ಗಾಳಿ ವೆಂಟಿಲೇಟರ್‌ನಿಂದ ನೇರ ಬಾಗಿಲಿಗೆ ಹೋಗಿ ಹೊರಟುಬಿಡುತ್ತಿತ್ತು. ಮೂಲೆಯಲ್ಲಿ ಕೂತವರಿಗೆ ಏನೂ ಸಿಗುತ್ತಿರಲಿಲ್ಲ. ಛಾವಣಿಯ ಉದ್ದಕ್ಕೆ ತೂತುಗಳಿರುವ ಬಟ್ಟೆಯ ಡಕ್ಟ್ ಎಳೆಸಿದೆವು. ಹಗುರ, ತೊಳೆಯಬಹುದು, ತಗಡಿನ ಡಕ್ಟ್‌ಗಿಂತ ಅಗ್ಗ. ಆಮೇಲೆ ಮೂಲೆಗೂ ಬಾಗಿಲಿಗೂ ನೂರರೊಳಗಿನ ವ್ಯತ್ಯಾಸ ಉಳಿಯಿತು.

ಈಗ ಕರೆಂಟಿನ ಮಾತು. ಮಾಲೀಕರು ನೇರವಾಗಿ ಕೇಳಿದರು: "ಹೊರಗಿನ ಬಿಸಿ ಗಾಳಿ ಒಳಗೆ ತಂದರೆ ಎಸಿಗೆ ಕೆಲಸ ಜಾಸ್ತಿ ಆಗಲ್ವಾ?" ಆಗುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 33 ಡಿಗ್ರಿ, ಒಳಗೆ 26 ಅಂದುಕೊಳ್ಳಿ. ಸೆಕೆಂಡಿಗೆ 290 ಲೀಟರ್ ಗಾಳಿಯನ್ನು ಅಷ್ಟು ತಣಿಸಲು ಸುಮಾರು 2.4 ಕಿಲೋವ್ಯಾಟ್ ಶಾಖ ತೆಗೆಯಬೇಕು. ಎಸಿ ಅದಕ್ಕೆ ಸುಮಾರು ಮುಕ್ಕಾಲು ಕಿಲೋವ್ಯಾಟ್ ಕರೆಂಟ್ ತಿನ್ನುತ್ತದೆ. ಇದಕ್ಕೆ ಪಾಶ್ಚಾತ್ಯ ದೇಶಗಳ ಸಿದ್ಧ ಉತ್ತರ ಶಾಖ ಮರುಬಳಕೆಯ ಯಂತ್ರ, ನಮ್ಮಲ್ಲಿ ಇಆರ್‌ವಿ ಅನ್ನುತ್ತಾರೆ. ಹೊರಹೋಗುವ ಗಾಳಿಯ ತಂಪನ್ನು ಒಳಬರುವ ಗಾಳಿಗೆ ದಾಟಿಸುತ್ತದೆ. ಒಬ್ಬ ಮಾರಾಟಗಾರ ಅದನ್ನೇ ಹಾಕಿ ಅಂತ ಒತ್ತಾಯ ಮಾಡಿದ್ದರು.

ನಾವು ಬೇಡ ಅಂದೆವು. ಇದು ಈ ಕೆಲಸದ ಎರಡನೇ ದೊಡ್ಡ ನಿರ್ಧಾರ. ಸ್ವೀಡನ್‌ನಲ್ಲಿ ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ 21. ಅಲ್ಲಿ ಆ ಯಂತ್ರ ಮಾಡುವ ಉಳಿತಾಯ ದೊಡ್ಡದು. ಬೆಂಗಳೂರು 900 ಮೀಟರ್‌ಗೂ ಎತ್ತರದಲ್ಲಿದೆ. ಏಪ್ರಿಲ್‌ನಲ್ಲೂ ಬೆಳಗಿನ ಜಾವ 22 ಡಿಗ್ರಿ ಹತ್ತಿರ ಇಳಿಯುತ್ತದೆ. ಜನವರಿಯಲ್ಲಿ 15-16. ವರ್ಷದಲ್ಲಿ ಹೆಚ್ಚು ಗಂಟೆ ಹೊರಗಿನ ಗಾಳಿಯೇ ಕೋಣೆಗಿಂತ ತಂಪು, ಯಾಕೆಂದರೆ ಕೂತ 36 ಜನರೇ ಮೂರೂವರೆ ಕಿಲೋವ್ಯಾಟ್ ಹೀಟರ್ ಇದ್ದ ಹಾಗೆ. ಅಂಥ ಹೊತ್ತಿನಲ್ಲಿ ಶಾಖ ಮರುಬಳಕೆಯ ಯಂತ್ರ ತಂಪು ಗಾಳಿಯನ್ನು ಬಿಸಿ ಮಾಡಿ ಒಳಗೆ ಕಳಿಸಿಬಿಡುತ್ತದೆ. ಇದೇ ಕೊಠಡಿ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಇದ್ದಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಕಲಬುರಗಿಯ ಮೇ ತಿಂಗಳ 42 ಡಿಗ್ರಿ, ಮಂಗಳೂರಿನ ತೇವ, ಎರಡೂ ಬೇರೆ ಲೆಕ್ಕ ಕೇಳುತ್ತವೆ.

ಬದಲಿಗೆ ಮೂರು ಸಣ್ಣ ಕೆಲಸ ಮಾಡಿದೆವು. ಫ್ಯಾನ್‌ನ ವೇಗವನ್ನು ಇಂಗಾಲದ ಡೈಆಕ್ಸೈಡ್ ಸೆನ್ಸರ್‌ಗೆ ಜೋಡಿಸಿದೆವು. ಹತ್ತು ಜನ ಇದ್ದಾಗ ನಿಧಾನ, ತುಂಬಿದಾಗ ಜೋರು. ಫ್ಯಾನ್‌ನ ವೇಗ ಅರ್ಧ ಮಾಡಿದರೆ ಅದು ಕೇಳುವ ಕರೆಂಟ್ ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಈ ಜೋಡಣೆ ಬಹಳ ಲಾಭ. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಫ್ಯಾನ್ ಪೂರ್ತಿ ವೇಗದಲ್ಲಿ ಓಡಿ ಗೋಡೆ, ಛಾವಣಿಯ ಬಿಸಿಯನ್ನು ಕಳೆಯುವಂತೆ ಟೈಮರ್ ಇಟ್ಟೆವು.

ಮೂರನೆಯದು ನನಗೆ ತುಂಬಾ ಇಷ್ಟವಾದ ಕೆಲಸ. ತಲೆ ಎತ್ತಿ ನೋಡಿದರೆ ಛಾವಣಿಯಲ್ಲಿ ಆರು ಕೊಕ್ಕೆ ಹಾಗೇ ಇದ್ದವು. ಎಸಿ ಬಂದಾಗ ಸೀಲಿಂಗ್ ಫ್ಯಾನ್‌ಗಳನ್ನು ಬಿಚ್ಚಿದ್ದರು. ಕಡಿಮೆ ಕರೆಂಟ್ ಕೇಳುವ ಆರು ಬಿಎಲ್‌ಡಿಸಿ ಫ್ಯಾನ್ ಮತ್ತೆ ನೇತುಹಾಕಿ ಎಸಿಯನ್ನು 26ಕ್ಕೆ ಏರಿಸಿದೆವು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಹೊಸ ಎಸಿಗಳು ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಅಂತ ನಿಯಮ ಬಂದದ್ದೂ ಇದಕ್ಕೇ. ಹಾಳೆ ಹಾರುತ್ತವೆ ಅಂತ ಮೊದಲೆರಡು ದಿನ ತಕರಾರು ಬಂತು. ವೇಗ ಎರಡಕ್ಕೆ ಇಳಿಸಿದ ಮೇಲೆ ನಿಂತಿತು. ಶಾಲುಗಳು ಬ್ಯಾಗಿಗೆ ಹೋದವು.

ಏನಾಯಿತು

ಎಲ್ಲ ಸೇರಿ ಖರ್ಚು ಅರವತ್ತು ಸಾವಿರ ರೂಪಾಯಿಯೊಳಗೆ ಮುಗಿಯಿತು. ಮಧ್ಯಾಹ್ನ ಮೂರೂವರೆಗೆ ಮೀಟರ್ ಈಗ 1,000-1,100. ಒಳಗಿನ ಪಿಎಂ 2.5 ಸಾಮಾನ್ಯವಾಗಿ 20ರ ಹತ್ತಿರ. ದೀಪಾವಳಿಯ ಮೂರು ರಾತ್ರಿ ಮಾತ್ರ ಫ್ಯಾನ್ ನಿಧಾನ ಮಾಡಿ ಪ್ಯೂರಿಫೈಯರ್ ಹಾಕಿದೆವು. ಆ ಯಂತ್ರಕ್ಕೆ ಅದು ಸರಿಯಾದ ಕೆಲಸ.

ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಸುಮಾರು 1,480 ಯೂನಿಟ್ ಸುಟ್ಟಿದ್ದರು. ಈ ವರ್ಷದ ಏಪ್ರಿಲ್‌ನಲ್ಲಿ 1,210. ಎರಡು ವರ್ಷದ ಬಿಸಿಲು ಒಂದೇ ಇರುವುದಿಲ್ಲ, ಓದುವವರ ಸಂಖ್ಯೆಯೂ ಒಂದೇ ಇರಲಿಲ್ಲ. ಹಾಗಾಗಿ ಪೂರ್ತಿ ನಮ್ಮ ಕೆಲಸದ ಫಲ ಅನ್ನುವುದಿಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹನ್ನೊಂದರವರೆಗೆ ಎಸಿ ಹಾಕಲೇ ಇಲ್ಲ. ಅದನ್ನು ಕಣ್ಣಾರೆ ನೋಡಿದ್ದೇನೆ. ಗಾಳಿ ನಾಲ್ಕು ಪಟ್ಟು ಹೆಚ್ಚಿತು, ಬಿಲ್ ಇಳಿಯಿತು. ಬಿಲ್ ಏರಿಸಿದ್ದು ಗಾಳಿಯಲ್ಲ, ಗಾಳಿ ಇಲ್ಲದ್ದನ್ನು ತಂಪಿನಿಂದ ತುಂಬಲು ಹೋದದ್ದು.

ತಲೆನೋವಿನ ಬಗ್ಗೆ ಒಂದು ನೋಟ್‌ಬುಕ್ ಇಟ್ಟಿದ್ದೆವು. ದೂರು ಕಡಿಮೆ ಆಯಿತು. ಆದರೆ ಫ್ಯಾನ್ ಹಾಕಿದ್ದು ಎಲ್ಲರಿಗೂ ಗೊತ್ತಿತ್ತು. ಒಳ್ಳೆಯದಾಗುತ್ತದೆ ಅನ್ನುವ ನಿರೀಕ್ಷೆಯೂ ತಲೆನೋವು ಕಡಿಮೆ ಮಾಡಬಲ್ಲದು. ಆ ನೋಟ್‌ಬುಕ್ಕನ್ನು ಸಾಕ್ಷಿ ಅಂತ ಮುಂದಿಡುವುದಿಲ್ಲ.

ಐದನೇ ತಿಂಗಳು ಮತ್ತೆ ಕೆಟ್ಟಿತು. ಮೀಟರ್ 1,450 ತೋರಿಸಲು ಶುರು ಮಾಡಿತು. ಫಿಲ್ಟರ್ ಕಪ್ಪಗೆ ಕಟ್ಟಿಕೊಂಡಿತ್ತು. ಅದನ್ನು ತೊಳೆಯುತ್ತಿದ್ದ ಹುಡುಗ ಕೆಲಸ ಬಿಟ್ಟು ಊರಿಗೆ ಹೋಗಿದ್ದ, ಹೊಸಬನಿಗೆ ಯಾರೂ ಹೇಳಿರಲಿಲ್ಲ. ಮೀಟರನ್ನು ಎಲ್ಲರಿಗೂ ಕಾಣುವ ಹಾಗೆ ಹಾಕೋಣ ಅಂತ ನಾನು ಮೊದಲೇ ಹೇಳಿದ್ದೆ. ಮಾಲೀಕರು ಸುಮ್ನೆ ಗಾಬರಿ ಯಾಕೆ ಅಂತ ಆಫೀಸ್ ಕೋಣೆಯಲ್ಲಿ ಇಟ್ಟಿದ್ದರು. ಈಗ ತಾವೇ ಗೋಡೆಗೆ ಹಾಕಿಸಿದರು. ಪಕ್ಕದಲ್ಲಿ ಒಂದು ಕಾರ್ಡ್: ಜಾಲಿ ತೊಳೆದ ದಿನ, ಒಳ ಫಿಲ್ಟರ್ ಬದಲಿಸಿದ ದಿನ. ಹದಿನೈದು ದಿನಕ್ಕೊಮ್ಮೆ ಜಾಲಿ, ನಾಲ್ಕು ತಿಂಗಳಿಗೊಮ್ಮೆ ಫಿಲ್ಟರ್. 1,200 ದಾಟಿದರೆ ಓದುವವರೇ ಹೋಗಿ ಹೇಳುತ್ತಾರೆ. ನಾನು ಹಾಕಿದ ಯಾವ ಸೆನ್ಸರ್‌ಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತಿದೆ.

ಉಳಿದದ್ದು ಜನರೇಟರ್. ನಮ್ಮ ಕೋಣೆ ಸರಿಯಾದರೂ ಹೊಗೆ ಮೆಟ್ಟಿಲ ದಾರಿಯಲ್ಲೇ ಇತ್ತು. ಮೂರನೇ ಮಹಡಿಯಲ್ಲಿ ಒಂದು ಸಂಸಾರ ಇದೆ, ಚಿಕ್ಕ ಮಗು ಇದೆ. ಕರೆಂಟ್ ಹೋದಾಗಲೆಲ್ಲ ಮನೆಗೆ ವಾಸನೆ ಬರುತ್ತದೆ, ಬಾಗಿಲ ಕೆಳಗೆ ಒದ್ದೆ ಬಟ್ಟೆ ಇಡುತ್ತೇವೆ ಅಂತ ಆ ತಾಯಿ ಹೇಳಿದರು. ಮೂರು ವರ್ಷದಿಂದ ಹಾಗೇ ಮಾಡುತ್ತಿದ್ದರಂತೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಇಲ್ಲಿ ನೆರವಿಗೆ ಬಂತು. ಜನರೇಟರ್‌ನ ಹೊಗೆ ಕೊಳವೆ ಕಟ್ಟಡದ ಎತ್ತರಕ್ಕಿಂತ ಮೇಲೆ ಹೋಗಬೇಕು. ಎಷ್ಟು ಮೇಲೆ ಅಂದರೆ, ಕೆವಿಎ ಸಾಮರ್ಥ್ಯದ ವರ್ಗಮೂಲಕ್ಕೆ 0.2 ಗುಣಿಸಿದಷ್ಟು ಮೀಟರ್. ಇಲ್ಲಿದ್ದದ್ದು 25 ಕೆವಿಎ. ಅಂದರೆ ಟೆರೇಸ್‌ಗಿಂತ ಒಂದು ಮೀಟರ್ ಮೇಲೆ. ಈ ಲೆಕ್ಕ ಮತ್ತು ಆ ದಿನದ ಮಾನಾಕ್ಸೈಡ್ ಅಳತೆ ಬರೆದು ಕಟ್ಟಡದ ಒಡೆಯರಿಗೆ ಕೊಟ್ಟೆವು. ಓದುವ ಕೊಠಡಿಯವರು, ಮೂರನೇ ಮಹಡಿಯವರು, ಕೆಳಗಿನ ಟೈಲರ್ ಅಂಗಡಿಯವರು ಮೂವರೂ ಸಹಿ ಹಾಕಿದರು. ಒಪ್ಪಿಸಲು ಮೂರು ತಿಂಗಳು ಹಿಡಿಯಿತು. ಈಗ ಕೊಳವೆ ಪಕ್ಕದ ಗೋಡೆಗೆ ಅಂಟಿಕೊಂಡು ಮೇಲೇರಿ ಟೆರೇಸ್ ದಾಟಿ ನಿಂತಿದೆ. ಮೊನ್ನೆ ಕರೆಂಟ್ ಹೋದಾಗ ಮೀಟರ್ ಹಿಡಿದು ಬೇಸ್‌ಮೆಂಟ್‌ನಿಂದ ಮೂರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿದೆ. ಸೊನ್ನೆ, ಒಂದು, ಸೊನ್ನೆ, ಸೊನ್ನೆ. ಮೇಲಿನ ಮನೆಯ ಬಾಗಿಲು ತೆರೆದೇ ಇತ್ತು.